ಉತ್ಸವ ಮುಗಿದ ಮರುದಿನ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಇತಿಹಾಸದ ಹೆಸರಿನ ಕಾರ್ಯಕ್ರಮಗಳಿಗೆ ಬರಗಾಲವಿಲ್ಲ. ಅಕ್ಟೋಬರ್ 23 ಬಂತೆಂದರೆ ಕಿತ್ತೂರಲ್ಲಿ ಮೂರು ದಿನ ಉತ್ಸವ, ಅದಕ್ಕೂ ಮುಂಚೆ ವೀರಜ್ಯೋತಿಯ ಮೆರವಣಿಗೆ. ಜನವರಿಯಲ್ಲಿ ಸಂಗೊಳ್ಳಿ ಉತ್ಸವ. ಫೆಬ್ರುವರಿ 2ಕ್ಕೆ ಇದೇ ಬೈಲಹೊಂಗಲದ ಸಮಾಧಿಯ ಮುಂದೆ ಕಿತ್ತೂರ ರಾಣಿ ಚನ್ನಮ್ಮನ ಸ್ಮರಣೆ. ಬೆಳವಡಿಯವರು ತಮ್ಮ ರಾಣಿ ಮಲ್ಲಮ್ಮನನ್ನು ಬಿಡುವುದಿಲ್ಲ, ಬಿಡಲೂ ಬಾರದು. ಇವುಗಳ ನಡುವೆ ಸಾಹಿತ್ಯ ಪರಿಷತ್ತಿನ ದತ್ತಿಗಳು, ಮಠಗಳ ಶಿವಾನುಭವ ಗೋಷ್ಠಿಗಳು, ಕಾಲೇಜುಗಳ ವಿಚಾರ ಸಂಕಿರಣಗಳು. ಕೇಳುವ ಜನ ಇದ್ದಾರೆ, ಮಾತಾಡುವ ಜನ ಅವರಿಗಿಂತ ಹೆಚ್ಚು ಇದ್ದಾರೆ.

ಈ ಉತ್ಸವಗಳು ಬೇಡವೆಂದು ಹೇಳಲು ನಾನು ಬಂದಿಲ್ಲ. ಹಾಗೆ ಹೇಳಿ ಈ ಊರು ದಾಟಿ ಹೋಗುವುದೂ ಸುಲಭವಲ್ಲ. ಆದರೆ ಉತ್ಸವಕ್ಕೆ ನಾಲ್ಕು ಬೇಡಿಕೆಗಳಿವೆ: ಅದಕ್ಕೊಂದು ಗೆಲುವು ಬೇಕು, ಒಬ್ಬ ವೀರ ಬೇಕು, ಒಂದು ದಿನಾಂಕ ಬೇಕು, ಮಂತ್ರಿಗಳಿಗೆ ಬಿಡುವು ಬೇಕು. ಇತಿಹಾಸದಲ್ಲಿ ಈ ನಾಲ್ಕೂ ಕೂಡಿಬರುವ ಪ್ರಸಂಗಗಳು ತೀರ ಕಡಿಮೆ. ಉಳಿದದ್ದಕ್ಕೆ ಸಭೆ ಕರೆಯುವವರು ಯಾರು? ಊರಿನ ಇತಿಹಾಸ ಬಳಗ ಅಂತ ಒಂದಿದ್ದರೆ ಅದು ಇರಬೇಕಾದದ್ದು ಈ ಉಳಿದದ್ದಕ್ಕೆ. ಉತ್ಸವ ಮಾಡಲಾಗದ ಸಂಗತಿಗಳ ಬಗ್ಗೆ ಉಪನ್ಯಾಸ ಮಾಡಬೇಕು. ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಉದಾಹರಣೆಗಳನ್ನು ನಿಮ್ಮ ಓಣಿಗಳಿಂದಲೇ ಎತ್ತಿಕೊಳ್ಳುತ್ತೇನೆ.

ಕಿತ್ತೂರಿನಿಂದಲೇ ಶುರು ಮಾಡೋಣ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡರು. ಮಾಸ್ತಮರಡಿಯ ಹುಡುಗ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತ, ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆ ಸಿಕ್ಕರು. ಇಷ್ಟು ನಮ್ಮ ಮೂರನೆಯ ಇಯತ್ತೆಯ ಮಗುವಿಗೂ ಗೊತ್ತು. ಥ್ಯಾಕರೆಯನ್ನು ಕೆಡವಿದ ಅಮಟೂರ ಬಾಳಪ್ಪನ ಗುಂಡು ಎಂದರೆ ಸಾಕು, ಸಭೆ ಚಪ್ಪಾಳೆ ಹೊಡೆಯುತ್ತದೆ. ಆದರೆ ಅಕ್ಟೋಬರ್ 24ರಂದು ಬೆಳಿಗ್ಗೆ ಕಿತ್ತೂರಲ್ಲಿ ಏನಾಯಿತು? ಅಲ್ಲಿಂದ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬೀಳುವ ತನಕ ಸುಮಾರು ಆರು ವಾರ ಇತ್ತಲ್ಲ, ಆಗ ಊರು ಏನು ಮಾಡಿತು? ಸುಗ್ಗಿಯ ಮುಂಚಿನ ಕಾಲ ಅದು. ಸುತ್ತಲಿನ ಹಳ್ಳಿಗಳಿಂದ ಕಾಳುಕಡಿ ಬಂತೇ? ವ್ಯಾಪಾರಸ್ಥರು ಪೇಟೆಯಲ್ಲಿ ಉಳಿದರೇ, ಊರು ಬಿಟ್ಟರೇ? ಸೆರೆಸಿಕ್ಕ ಇಬ್ಬರು ಅಧಿಕಾರಿಗಳನ್ನು ಇಟ್ಟುಕೊಂಡು ಡೆಕ್ಕನ್ನಿನ ಕಮಿಶನರ್ ಚಾಪ್ಲಿನ್ನನ ಜೊತೆ ಯಾವ ಮಾತುಕತೆ ನಡೆಯಿತು, ಕಡೆಗೆ ಅವರನ್ನು ಯಾವ ಭರವಸೆಯ ಮೇಲೆ ಬಿಟ್ಟರು? ಚನ್ನಮ್ಮ ಬರೀ ಕತ್ತಿ ಹಿಡಿದವಳಲ್ಲ, ರಾಜಕಾರಣ ನಡೆಸಿದವಳು ಎಂಬುದು ತಿಳಿಯಬೇಕಾದರೆ ಈ ಆರು ವಾರಗಳನ್ನು ಓದಬೇಕು. ಇದಕ್ಕೆ ಜ್ಯೋತಿಯಾತ್ರೆ ಮಾಡಲು ಬರುವುದಿಲ್ಲ. ಕಾಗದ ಹಿಡಿದು ಕೂತು ಮಾತಾಡಲು ಮಾತ್ರ ಬರುತ್ತದೆ.

ಕೋಟೆ ಬಿದ್ದದ್ದನ್ನು ಹೇಳುವಾಗ ನಾವು ಕೂಡಲೇ ಮಲ್ಲಪ್ಪಶೆಟ್ಟಿ, ವೆಂಕಟರಾಯರ ಹೆಸರು ಎತ್ತುತ್ತೇವೆ. ಮದ್ದಿಗೆ ಸೆಗಣಿ ಬೆರೆಸಿದರು ಎನ್ನುತ್ತೇವೆ. ನಾಟಕದಲ್ಲಿ, ಲಾವಣಿಯಲ್ಲಿ, ಬಯಲಾಟದಲ್ಲಿ ಇದು ಬೇಕು, ಖಳನಿಲ್ಲದೆ ಆಟ ಏಳುವುದಿಲ್ಲ. ಆದರೆ ಇತಿಹಾಸದ ಸಭೆಯಲ್ಲಿ ಇನ್ನೊಂದು ಲೆಕ್ಕವೂ ಬರಬೇಕು. ಅಕ್ಟೋಬರಿನ ಪೆಟ್ಟು ತಿಂದ ಕಂಪನಿ ಸರಕಾರ ಎರಡನೆಯ ಸಲ ಬಂದಾಗ ದೂರದೂರದ ದಂಡುಗಳಿಂದ ಪಡೆ, ತೋಪು ತರಿಸಿಕೊಂಡು ಬಂದಿತ್ತು. ಆ ಕಾಳಗದಲ್ಲಿ ಸೋಲಾಪುರದ ಸಬ್‌ಕಲೆಕ್ಟರ್ ಮನ್ರೋನೂ ಸತ್ತ. ಇಡೀ ಸಾಮ್ರಾಜ್ಯದ ಬಲ ಒಂದು ಸಂಸ್ಥಾನದ ಮೇಲೆ ಬಿದ್ದಾಗ ಸೋಲಿಗೆ ಸೆಗಣಿಯೇ ಬೇಕಿತ್ತೇ? ದ್ರೋಹದ ಕಥೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆ ಕಥೆ ನಮಗೆ ಯಾಕೆ ಇಷ್ಟು ಸಮಾಧಾನ ಕೊಡುತ್ತದೆ ಎಂದು ಕೇಳಿಕೊಳ್ಳೋಣ ಎನ್ನುತ್ತಿದ್ದೇನೆ. ಒಬ್ಬಿಬ್ಬರು ಕೆಟ್ಟವರಿದ್ದರು, ಉಳಿದವರೆಲ್ಲ ಗೆದ್ದೇಬಿಡುತ್ತಿದ್ದರು ಎಂಬ ಭಾವನೆ ಹಿತವಾದದ್ದು.

ಇನ್ನು ಬೈಲಹೊಂಗಲ. 1824ರ ಡಿಸೆಂಬರಿನಿಂದ 1829ರ ಫೆಬ್ರುವರಿ 2ರ ತನಕ, ನಾಲ್ಕು ವರ್ಷದ ಮೇಲೆ, ಚನ್ನಮ್ಮ ಈ ಊರಲ್ಲಿ ಸೆರೆಯಲ್ಲಿದ್ದಳು. ಕಿತ್ತೂರಿನ ಮೂರು ದಿನಕ್ಕೆ ನಾವು ಕೊಡುವ ಮಾತುಗಳಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಈ ನಾಲ್ಕು ವರ್ಷಕ್ಕೆ ಕೊಡುವುದಿಲ್ಲ. ಸೆರೆಯಲ್ಲಿದ್ದ ರಾಣಿಯ ದಿನಚರಿಯಲ್ಲಿ ವೇಷ ಹಾಕುವಂಥದ್ದೇನೂ ಇಲ್ಲ: ಜಪ, ಪೂಜೆ, ಹೊರಗಿನಿಂದ ಬರುವ ಸುದ್ದಿ, ಕಾವಲಿನವರ ಕಣ್ಣು. ಆದರೆ ಸಂಗೊಳ್ಳಿ ರಾಯಣ್ಣನ ದಂಗೆಗೆ ನೆಲ ಹದವಾದದ್ದು ಇದೇ ವರ್ಷಗಳಲ್ಲಿ.

ರಾಯಣ್ಣನ ವಿಷಯಕ್ಕೆ ಬಂದೆ. ಅವನು ಹುಟ್ಟಿದ್ದು 1798ರ ಆಗಸ್ಟ್ 15, ಗಲ್ಲಿಗೇರಿದ್ದು 1831ರ ಜನವರಿ 26, ನಂದಗಡದಲ್ಲಿ ಎಂದು ನಾವು ಹೇಳುತ್ತೇವೆ. ಸ್ವಾತಂತ್ರ್ಯದ ದಿನ ಹುಟ್ಟಿ ಗಣರಾಜ್ಯದ ದಿನ ಹುತಾತ್ಮನಾದ ಎಂದು ಭಾಷಣಕಾರರಿಗೆ ಬಹಳ ಅನುಕೂಲ. ಗಲ್ಲಿನ ದಿನಾಂಕ ಸರಕಾರಿ ಕೆಲಸ, ಅದಕ್ಕೆ ದಫ್ತರದ ಬೆಂಬಲವಿರುತ್ತದೆ. ಹುಟ್ಟಿದ ದಿನದ ಮಾತು ಬೇರೆ. ಹದಿನೆಂಟನೆಯ ಶತಮಾನದ ಕೊನೆಗೆ ಒಬ್ಬ ವಾಲೀಕಾರನ ಮನೆಯಲ್ಲಿ ಹುಟ್ಟಿದ ಕೂಸಿನ ಇಂಗ್ಲಿಷ್ ತಾರೀಖನ್ನು ಯಾರು ಬರೆದಿಟ್ಟರು ಎಂದು ಒಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳಿದರೆ ಅವನನ್ನು ಕೂರಿಸಬೇಡಿ. ಆ ಪ್ರಶ್ನೆಯಿಂದ ರಾಯಣ್ಣ ಒಂದು ಅಂಗುಲವೂ ಕುಗ್ಗುವುದಿಲ್ಲ.

ಕುಗ್ಗುವುದಿಲ್ಲ ಎನ್ನಲು ಕಾರಣವಿದೆ. 1829-30ರ ದಂಗೆಯಲ್ಲಿ ರಾಯಣ್ಣ ಮತ್ತು ಅವನ ಜೊತೆಗಾರರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಬೀಡಿ ಊರಿನ ಕಚೇರಿಗೆ ಬೆಂಕಿ ಇಟ್ಟದ್ದು. ಸಂಪಗಾವಿಯ ಕಚೇರಿಯ ಮೇಲೂ ಬಿದ್ದರು. ನಾವು ಇದನ್ನು ಸಾಹಸ ಎಂದು ಹಾಡುತ್ತೇವೆ. ಆದರೆ ಕಾಗದದ ಗಂಟುಗಳನ್ನು ಯಾಕೆ ಸುಡಬೇಕು? ಹೊಸ ಸರಕಾರ ಇನಾಮು ಭೂಮಿಗಳನ್ನು ಕಿತ್ತುಕೊಂಡದ್ದೂ ಸಾರಾ ಹೆಚ್ಚಿಸಿದ್ದೂ ಆ ಕಾಗದಗಳ ಮೇಲೆ. ವಾಲೀಕಾರ, ತಳವಾರ, ಸನದಿಯವರ ಹೊಲ ಹೋದದ್ದು ಆ ದಫ್ತರದೊಳಗೆ. ಯಾವ ವಸ್ತುವಿನಲ್ಲಿ ತಮ್ಮ ಅನ್ನ ಕಳೆದುಹೋಗಿದೆ ಎಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು. ಇವತ್ತು ನಾವು ಸಂಶೋಧಕರು, ‘ಆ ಕಾಲದ ದಾಖಲೆ ಸಿಗುವುದಿಲ್ಲ’ ಎಂದು ಪೇಚಾಡುತ್ತೇವೆ. ಸಿಗದಿರುವುದೇ ಇಲ್ಲಿ ಒಂದು ದಾಖಲೆ. ಆ ಬೆಂಕಿಯ ಕಾರಣ ವಿವರಿಸುವ ಒಂದು ತಾಸಿನ ಮಾತು, ರಾಯಣ್ಣನ ಕುದುರೆಯ ವರ್ಣನೆಗಿಂತ ಅವನಿಗೆ ಹೆಚ್ಚು ನ್ಯಾಯ ಮಾಡುತ್ತದೆ.

ಹಾಗೆಂದು ಕಾಗದ ಪೂರಾ ಇಲ್ಲವೆಂದಲ್ಲ. ಹುಡುಕುವ ಹಾದಿ ನಮ್ಮ ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ. ಒಂದು ಸಣ್ಣ ವಿಷಯ ಹೇಳುತ್ತೇನೆ, ಇದರಿಂದ ಎಷ್ಟೋ ತಿಂಗಳು ಉಳಿಯುತ್ತವೆ. ಇಂಗ್ಲಿಷರ ಕಾಲದ ಕಡತಗಳಲ್ಲಿ ‘ಬೈಲಹೊಂಗಲ ತಾಲೂಕು’ ಎಂದು ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ. ಆಗ ಅದು ಸಂಪಗಾವಿ ತಾಲೂಕು, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಸವದತ್ತಿ ತಾಲೂಕಿಗೆ ಪರಸಗಡ ಎಂದು ಹೆಸರು. ಇಡೀ ಜಿಲ್ಲೆ 1956ರ ತನಕ ಮುಂಬಯಿಗೆ ಸೇರಿದ್ದರಿಂದ ಬಹಳಷ್ಟು ಕಾಗದ ಬೆಂಗಳೂರಿನಲ್ಲಿ ಇಲ್ಲ, ಮುಂಬಯಿ ಮತ್ತು ಪುಣೆಯ ಪತ್ರಾಗಾರಗಳಲ್ಲಿದೆ. ರಾಮದುರ್ಗ ಬೇರೆಯೇ ಸಂಸ್ಥಾನ, ಅದರ ಕಡತದ ದಾರಿಯೂ ಬೇರೆ. ಮನೆಗಳ ಅಟ್ಟದ ಮೇಲಿರುವ ಹಳೆಯ ಗಂಟುಗಳಲ್ಲಿ ಮೋಡಿ ಲಿಪಿಯದೇ ದೊಡ್ಡ ಪಾಲು. ಮೋಡಿ ಓದಬಲ್ಲ ಅಜ್ಜಂದಿರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಒಂದು ಬೇಸಿಗೆಯಲ್ಲಿ ಭಾಷಣಗಳನ್ನೆಲ್ಲ ರದ್ದು ಮಾಡಿ ಹತ್ತು ಮಂದಿಗೆ ಮೋಡಿ ಕಲಿಸುವ ವರ್ಗ ನಡೆಸಿದರೂ ಈ ಉಪನ್ಯಾಸಕ್ಕೆ ಇಟ್ಟ ದತ್ತಿಯ ಬಡ್ಡಿ ಸಾರ್ಥಕ. ಬಡ್ಡಿಯೂ ಈಗ ಶಾಲು, ಚಹಾ, ಪ್ರಯಾಣಭತ್ಯೆಗೆ ಹೊಂದಿಸುವಷ್ಟಕ್ಕೆ ಇಳಿದಿದೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ.

ಸವದತ್ತಿಯ ಕಡೆ ಹೊರಳೋಣ. ಎಲ್ಲಮ್ಮನ ಗುಡ್ಡದ ನೆರಳಲ್ಲಿ ಆ ಊರಿನ ಹಳೆಯ ಹೆಸರೇ ಮರೆತುಹೋಗಿದೆ: ಸುಗಂಧವರ್ತಿ, ರಟ್ಟರ ರಾಜಧಾನಿ. ರಾಜಧಾನಿ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ಹೋದದ್ದು ಆಮೇಲೆ. ಸವದತ್ತಿಯಲ್ಲಿ ಕ್ರಿ.ಶ. 980ರ ಒಂದು ಶಾಸನವಿದೆ, ಅದರಲ್ಲಿ ಶಾಂತಿವರ್ಮ ಎಂಬವನ ಆಳಿಕೆ. ಅದೇ ಸೀಮೆಯ ಸೊಗಲದಲ್ಲಿ ಅದೇ 980ರ ಇನ್ನೊಂದು ಶಾಸನವಿದೆ, ಅದರಲ್ಲಿ ರಟ್ಟರ ಕತ್ತ, ಅಂದರೆ ಮೊದಲನೆಯ ಕಾರ್ತವೀರ್ಯ. ಇಬ್ಬರಿಗೂ ಒಡೆಯ ಚಾಲುಕ್ಯ ತೈಲಪನೇ. ಒಂದೇ ವರ್ಷ, ಒಂದೇ ಸೀಮೆ, ಎರಡು ಕಲ್ಲು, ಇಬ್ಬರು ಅಧಿಪತಿಗಳು. ರಾಷ್ಟ್ರಕೂಟರು ಉರುಳಿ ಇನ್ನೂ ಹತ್ತು ವರ್ಷವಾಗಿಲ್ಲ, ನೆಲ ಯಾರದೆಂದು ಇನ್ನೂ ತೀರ್ಮಾನವಾಗುತ್ತಿದೆ. ಸೊಗಲಕ್ಕೆ ನಾವು ಜಲಪಾತ ನೋಡಲು ಹೋಗುತ್ತೇವೆ, ಸೋಮೇಶ್ವರನಿಗೆ ಕಾಯಿ ಒಡೆಸುತ್ತೇವೆ. ಈ ಎರಡು ಕಲ್ಲುಗಳನ್ನು ಒಂದೇ ಮಧ್ಯಾಹ್ನದಲ್ಲಿ ಜೋಡಿಸಿ ತೋರಿಸುವ ಕಾರ್ಯಕ್ರಮವನ್ನು ನಾನಂತೂ ನೋಡಿಲ್ಲ. ಸಾವಿರ ಮಹಾಜನರ ಅಗ್ರಹಾರವಾಗಿದ್ದ ಪೂಲಿ, ಇಂದಿನ ಹೂಲಿ, ಅಲ್ಲೇ ಹತ್ತಿರದಲ್ಲಿದೆ. ಕಿತ್ತೂರಿನವರು ಮುನಿಸಿಕೊಳ್ಳಬಾರದು, ನಿಮ್ಮ ಮಗ್ಗುಲಲ್ಲೇ ದೇಗಾಂವಿಯ ಕಮಲನಾರಾಯಣ ಗುಡಿ ಇದೆ. ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ್ದು, ತಿಪ್ಪೋಜನೆಂಬ ಶಿಲ್ಪಿ ಕಟ್ಟಿದ್ದು, 1174ರ ಶಾಸನವಿರುವುದು. ಚನ್ನಮ್ಮನ ಕೋಟೆಗೆ ಬಂದ ಬಸ್ಸುಗಳಲ್ಲಿ ದೇಗಾಂವಿಗೆ ತಿರುಗುವವು ಎಷ್ಟು?

ಸವದತ್ತಿಯ ಕಲ್ಲುಗಳನ್ನು ಮೊದಲು ಓದಿ ಅಚ್ಚು ಹಾಕಿದವನು ಜೆ.ಎಫ್. ಫ್ಲೀಟ್. ಮುಂಬಯಿ ಸಿವಿಲ್ ಸರ್ವಿಸಿನ ನೌಕರ, ಈ ಭಾಗದಲ್ಲೇ ಕೆಲಸ ಮಾಡಿದವನು. ಅವನೇ ಮುಂದೆ ರಾಯಣ್ಣನ ಲಾವಣಿಯನ್ನೂ ಹಾಡುವವರ ಬಾಯಿಂದ ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ. ರಾಯಣ್ಣನನ್ನು ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯೇ ರಾಯಣ್ಣನ ಹಾಡನ್ನು ಉಳಿಸಿಕೊಟ್ಟ. ಇದನ್ನು ಕೇಳಿ ಕೆಲವರಿಗೆ ಮುಜುಗರವಾಗುತ್ತದೆ, ನನಗೂ ಆಗುತ್ತದೆ. ಮುಜುಗರವಾಗುವಂಥದ್ದನ್ನೇ ಇಂಥ ಸಭೆಗಳಲ್ಲಿ ಹೇಳಬೇಕು.

ಫ್ಲೀಟನ ಹೆಸರು ಹೇಳಿದ ಮೇಲೆ ನಮ್ಮವರೊಬ್ಬರ ಹೆಸರು ಹೇಳದಿದ್ದರೆ ತಪ್ಪಾದೀತು. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿ. ಜೀವನಕ್ಕೆ ಶಾಲಾ ಮಾಸ್ತರಿಕೆ. ಊರಿನ ಹೆಸರುಗಳನ್ನೇ ಶಾಸನದಂತೆ ಓದಿ ‘ಎಡೆಗಳು ಹೇಳುವ ಕಂನಾಡ ಕಥೆ’ ಬರೆದರು. ಅವರ ತೀರ್ಮಾನಗಳಲ್ಲಿ ಎಷ್ಟೋ ಇವತ್ತು ನಿಲ್ಲುವುದಿಲ್ಲ, ಅದು ಬೇರೆ ಮಾತು. ಆದರೆ ದೊಡ್ಡ ಗ್ರಂಥಾಲಯವಿಲ್ಲದವನು ಕೂಡ ತನ್ನ ಕಾಲಡಿಯ ಹಳ್ಳಿಯ ಹೆಸರಿನಿಂದ ಇತಿಹಾಸ ಶುರು ಮಾಡಬಹುದು ಎಂಬ ಧೈರ್ಯ ಕೊಟ್ಟವರು ಅವರು. ಬಹಳ ಆಮೇಲೆ, 1978ರಲ್ಲಿ, ಸ್ವೀಡನ್ನಿನ ಲೇಖಕ ಸ್ವೆನ್ ಲಿಂಡ್‌ಕ್ವಿಸ್ಟ್ ಕಾರ್ಖಾನೆಯ ಕೂಲಿಕಾರರಿಗೆ, ನೀವು ನಿಂತ ಜಾಗವನ್ನೇ ಅಗೆಯಿರಿ, ನಿಮ್ಮ ಕಾರ್ಖಾನೆಯ ಚರಿತ್ರೆ ನೀವೇ ಬರೆಯಿರಿ ಎಂದು ಒಂದು ಪುಸ್ತಕವನ್ನೇ ಬರೆದ. ಯುರೋಪಿನ ಹಲವು ಕಡೆ ಅದರಿಂದ ಊರೂರಲ್ಲಿ ಇತಿಹಾಸದ ಗುಂಪುಗಳು ಎದ್ದವು. ಗುರ್ಲಹೊಸೂರಿನ ಮಾಸ್ತರರು ಅದೇ ಕೆಲಸವನ್ನು ಗುಂಪಿಲ್ಲದೆ ಒಬ್ಬರೇ ಮಾಡುತ್ತಿದ್ದರು.

ಗುಂಪು ಕಟ್ಟುವ ಪ್ರಯತ್ನ ಈ ಭಾಗದಲ್ಲಿ ಆಗಿಲ್ಲವೆಂದಲ್ಲ. ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ, 1914ರಲ್ಲಿ ಆಲೂರು ವೆಂಕಟರಾಯರ ಮುಂದಾಳತ್ವದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ. ಮಂಡಳಕ್ಕೆ ನಾಲ್ಕು ವರ್ಷ ಮೊದಲು ಪುಣೆಯಲ್ಲಿ ರಾಜವಾಡೆಯವರ ಮಂಡಳ ಹುಟ್ಟಿತ್ತು. ಅಂದಿನ ಆ ಹುರುಪಿನ ಗುಣವೆಂದರೆ, ಯಾರಾದರೂ ಒಂದು ತಾಮ್ರಪಟವನ್ನೋ ಕಾಗದದ ತುಂಡನ್ನೋ ಹಿಡಿದುಕೊಂಡು ಬಂದರೆ ಅದರ ಸುತ್ತ ಕೂತು ಮಾತಾಡುವುದು. ಈಗ ವಸ್ತು ಇಲ್ಲದೆ ವಕ್ತಾರ ಬರುತ್ತಾನೆ, ನನ್ನ ಹಾಗೆ.

ಈಗ ರಾಮದುರ್ಗ. ನನ್ನ ಮಾತಿನ ಭಾರವೆಲ್ಲ ಇಲ್ಲಿದೆ.

ರಾಮದುರ್ಗ, ನರಗುಂದ ಎರಡೂ ಭಾವೆ ಮನೆತನದವು. 1858ರ ಮೇ ಕೊನೆಗೆ ನರಗುಂದದ ಬಾಬಾಸಾಹೇಬ ದಂಗೆ ಎದ್ದು, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ಹಾರಿಸಿದ್ದು ರಾಮದುರ್ಗದ ಮಗ್ಗುಲ ಸುರೇಬಾನದಲ್ಲಿ. ಜೂನ್ 12ಕ್ಕೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ನರಗುಂದ ಸಂಸ್ಥಾನ ಅಳಿಯಿತು, ಕಂಪನಿಗೆ ನಿಷ್ಠವಾಗಿದ್ದ ರಾಮದುರ್ಗ ಉಳಿಯಿತು. ಒಂದೇ ಮನೆತನದಲ್ಲಿ ಒಬ್ಬರಿಗೆ ಗಲ್ಲು, ಒಬ್ಬರಿಗೆ ಗಾದಿ. ನರಗುಂದದವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ರಾಮದುರ್ಗದವರು ಬೇಗ ಮುಗಿಸುತ್ತಾರೆ.

ಅದೇ ರಾಮದುರ್ಗದಲ್ಲಿ, ಎಂಬತ್ತು ವರ್ಷದ ಮೇಲೆ, 1939ರ ಏಪ್ರಿಲ್ 7. ಆ ಕಾಲಕ್ಕೆ ದೇಶೀ ಸಂಸ್ಥಾನಗಳಲ್ಲೆಲ್ಲ ಜವಾಬ್ದಾರಿ ಸರಕಾರದ ಬೇಡಿಕೆ ಎದ್ದಿತ್ತು. ಹಿಂದಿನ ವರ್ಷವಷ್ಟೇ ಮೈಸೂರಿನ ವಿದುರಾಶ್ವತ್ಥದಲ್ಲಿ ಗೋಲಿಬಾರು ಆಗಿತ್ತು. ರಾಮದುರ್ಗದಲ್ಲಿ ಪ್ರಜಾಸಂಘ ಕಟ್ಟಿ ರೈತರು ಸಾರೆಯ ಭಾರ ಇಳಿಸಲು ಕೇಳುತ್ತಿದ್ದರು. ಮುಖಂಡರನ್ನು ಹಿಡಿದರೆಂಬ ಸುದ್ದಿ ಹಬ್ಬಿ ಹಳ್ಳಿಗಳ ಜನ ಪೇಟೆಗೆ ನುಗ್ಗಿದರು. ಗುಂಡು ಹಾರಿದವು, ಜನ ಬಿದ್ದರು. ಆಮೇಲೆ ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಗಾಂಧೀಜಿ ಈ ಹಿಂಸೆಯ ಬಗ್ಗೆ ‘ಹರಿಜನ’ದಲ್ಲಿ ನೊಂದು ಬರೆದರು. ಮೊಕದ್ದಮೆ ನಡೆದು ಕೆಲವರಿಗೆ ಗಲ್ಲಾಯಿತು. ಚಳವಳಿಯ ಮುಂದಾಳು ಮಹಾದೇವಪ್ಪ ಪಟ್ಟಣ ತಲೆತಪ್ಪಿಸಿಕೊಂಡು ತಿರುಗಿ, ಸ್ವಾತಂತ್ರ್ಯ ಬಂದ ಮೇಲೆ ಇದೇ ಊರಿನ ಶಾಸಕರಾದರು.

ಈ ಪ್ರಸಂಗವನ್ನು ಎಲ್ಲಿ ಇಡುವುದು? ಗಾಂಧಿವಾದಿಗಳ ಪುಸ್ತಕದಲ್ಲಿ ಇದು ಕೂರುವುದಿಲ್ಲ, ಪೊಲೀಸರು ಸತ್ತಿದ್ದಾರೆ. ಕ್ರಾಂತಿಕಾರಿಗಳ ಪುಸ್ತಕದಲ್ಲೂ ಕೂರುವುದಿಲ್ಲ, ಯಾರೂ ಬಾಂಬು ಕಟ್ಟಿ ಯೋಜನೆ ಹಾಕಿದವರಲ್ಲ, ಹೊಲದಿಂದ ಎದ್ದು ಬಂದವರು. ಸತ್ತ ಪೊಲೀಸರೂ ಗೋರಾಗಳಲ್ಲ, ಹೊಟ್ಟೆಪಾಡಿಗೆ ಸಂಸ್ಥಾನದ ನೌಕರಿಗೆ ಸೇರಿದ ಬಡವರು. ಆದ್ದರಿಂದ ಗಲ್ಲಿಗೇರಿದವರ ಮನೆಯವರೂ ಪೊಲೀಸರ ಮನೆಯವರೂ ಇದೇ ಪೇಟೆಯಲ್ಲಿ, ಇದೇ ಜಾತ್ರೆಗಳಲ್ಲಿ ಎದುರುಬದುರಾಗಿ ಬದುಕಿದರು. ಈ ದಿನಕ್ಕೆ ಕುಂಭಮೇಳ ತೆಗೆಯಲು ಬರುವುದಿಲ್ಲ. ಹಾಗಾಗಿ ಸಾಲಿ ಪುಸ್ತಕದಲ್ಲೂ ಇಲ್ಲ, ಸರಕಾರಿ ಜಯಂತಿ ಪಟ್ಟಿಯಲ್ಲೂ ಇಲ್ಲ. ಆದರೆ ಎರಡೂ ಕಡೆಯವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿ, ಅವರಜ್ಜ ಏನು ಹೇಳಿದ್ದ, ಇವರಮ್ಮ ಏನು ಹೇಳಿದ್ದಳು ಎಂದು ಕೇಳಿ ಬರೆದುಕೊಳ್ಳಲು ಬರುತ್ತದೆ. ಕಣ್ಣಾರೆ ಕಂಡವರು ಈಗ ಇಲ್ಲ, ಅಥವಾ ಇಲ್ಲದಷ್ಟೇ. ಕೇಳಿದವರು ಇದ್ದಾರೆ, ಅವರಿಗೂ ಎಪ್ಪತ್ತು ದಾಟಿದೆ. ಒಂದು ಇತಿಹಾಸ ಬಳಗ ಬೇರೇನೂ ಮಾಡದೆ ಈ ಒಂದೇ ಕೆಲಸ ಮಾಡಿದರೂ ನಾನು ಅದನ್ನು ಕಿತ್ತೂರು ಉತ್ಸವಕ್ಕಿಂತ ಒಂದು ತೂಕ ಹೆಚ್ಚೆಂದು ಎಣಿಸುತ್ತೇನೆ.

ಇಂಥವು ಇನ್ನೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ನವಿಲುತೀರ್ಥದ ಅಣೆಕಟ್ಟಿನಿಂದ ಮುಳುಗಿದ ಊರುಗಳವರು ಹೊಸ ಊರಿಗೆ ಹಳೆಯ ದೇವರನ್ನು ಹೇಗೆ ತಂದರು, ಯಾರ ಹೊಲ ಹೋಯಿತು, ಯಾರಿಗೆ ನೀರು ಬಂತು ಎಂಬುದು. ಆ ಅಣೆಕಟ್ಟಿನ ರೇಣುಕಾಸಾಗರದ ನೀರು ಚೆಲುವಾಗಿ ಕಾಣುವುದರಿಂದ ನಾವು ತಳ ಕೇಳುವುದಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರ ಬಗ್ಗೆ ಚಂದದ ಲೇಖನಗಳಿವೆ. ದೇವದಾಸಿ ಪದ್ಧತಿಗೆ ಮುಂಬಯಿ ಸರಕಾರ 1934ರಲ್ಲಿ, ನಮ್ಮ ಸರಕಾರ 1982ರಲ್ಲಿ ಕಾಯಿದೆ ಮಾಡಿದ ಮೇಲೆ ಗುಡ್ಡದ ಬುಡದ ಹೆಣ್ಣುಮಕ್ಕಳ ಬದುಕು ಹೇಗೆ ತಿರುಗಿತು ಎಂಬುದನ್ನು ಅವರ ಬಾಯಿಂದ ಕೇಳುವ ಸಭೆ ಅಪರೂಪ. ಚೌಡಿಕೆ ಹಿಡಿದು ಹಾಡುವವರನ್ನು ನಾವು ಉದ್ಘಾಟನೆಗೆ ಮುಂಚೆ ಹಾಡಿಸಿ, ಮಾತು ಶುರುವಾದ ಕೂಡಲೇ ಹಿಂದೆ ಕಳಿಸುತ್ತೇವೆ. ಇನ್ನು ಬೈಲಹೊಂಗಲದ ಸಂಗ್ಯಾ-ಬಾಳ್ಯಾ. ಇದೇ ಊರಿನ ಒಂದು ಕೊಲೆ, ಬೈಲವಾಡದ ಪತ್ತಾರ ಮಾಸ್ತರರ ಕೈಯಲ್ಲಿ ಸಣ್ಣಾಟವಾಗಿ ಕನ್ನಡ ನಾಡೆಲ್ಲ ಸುತ್ತಿತು. ಆಟದ ಬಗ್ಗೆ ಸಂಶೋಧನೆ ಉಂಟು. ಆ ಕಾಲದ ಪೇಟೆ, ಲೇವಾದೇವಿ, ಗಂಡ ವ್ಯಾಪಾರಕ್ಕೆ ಹೋದ ಮನೆ, ಅಂದಿನ ನ್ಯಾಯ ಇವುಗಳ ಬಗ್ಗೆ ಬೈಲಹೊಂಗಲದವರೇ ಒಂದು ಸಂಜೆ ಮಾತಾಡಬೇಕು.

ಅರಮನೆಯ ಪ್ರತಿರೂಪದ ಬಗ್ಗೆ ಒಂದು ಮಾತು. ಕಿತ್ತೂರಿನ ಅರಮನೆಯಂಥದೇ ಇನ್ನೊಂದನ್ನು ಕಟ್ಟುವ ಯೋಜನೆ ಬಂದಾಗ ಜಗಳ ನಡೆದದ್ದು ಎಲ್ಲಿ ಕಟ್ಟಬೇಕು ಎಂಬುದರ ಮೇಲೆ. ಯಾವ ಆಧಾರದ ಮೇಲೆ ಕಟ್ಟುತ್ತೀರಿ, ಮೇಲಂತಸ್ತು ಹೇಗಿತ್ತೆಂದು ಯಾರಿಗೆ ಗೊತ್ತು ಎಂಬ ಮಾತು ಆ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಮುರಿದ ಗೋಡೆ, ಧ್ರುವತಾರೆ ನೋಡುವ ಕಿಂಡಿ, ನೀರಿನ ಕೊಳವೆಗಳು ಉಳಿದಿವೆಯಲ್ಲ, ಅವನ್ನು ಸರಿಯಾಗಿ ಅಳೆದು ನಕ್ಷೆ ತೆಗೆಯುವ ಕೆಲಸಕ್ಕೆ ಒಂದು ಕಾಲೇಜಿನ ಹುಡುಗರು ಸಾಕು.

ಸಂಘಟಕರು ಮುಂದಿನ ವರ್ಷದ ಕಾರ್ಯಕ್ರಮದ ಬಗ್ಗೆ ಸಲಹೆ ಕೇಳಿದ್ದಾರೆ. ನನ್ನ ಸಲಹೆ ಇಷ್ಟು. ಡಿಸೆಂಬರ್ ಮೊದಲ ವಾರ ಕಿತ್ತೂ­ರ ಕೋಟೆಯೊಳಗೆ, ಸೋತ ದಿನಗಳ ಬಗ್ಗೆ. ಏಪ್ರಿಲ್ 7ಕ್ಕೆ ರಾಮದುರ್ಗದಲ್ಲಿ. ನಡುವೆ ಒಂದು ಅಮಾವಾಸ್ಯೆ, ರೈತರಿಗೆ ಬಿಡುವಿರುತ್ತದೆ, ಸವದತ್ತಿ ಮತ್ತು ಸೊಗಲದ ಕಲ್ಲುಗಳ ಮುಂದೆ. ಹಾರ, ಶಾಲು ಬೇಡ. ಮುಖ್ಯ ಅತಿಥಿ ಬೇಡ, ಬೇಕೇ ಬೇಕಾದರೆ ಅವರು ಕೊನೆಯ ತನಕ ಕೂರುವವರಾಗಿರಲಿ. ಮಾತು ಮುಕ್ಕಾಲು ತಾಸು, ಕೇಳುವವರ ಮಾತು ಅದರ ಎರಡರಷ್ಟು. ಪ್ರತಿಯೊಂದನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಹೇಳಿದವರ ಊರು, ವಯಸ್ಸು, ದಿನಾಂಕ ಸೇರಿಸಿ ತಾಲೂಕಿನ ಗ್ರಂಥಾಲಯದಲ್ಲಿ ಒಂದು ಪ್ರತಿ ಇಡಬೇಕು. ಹೆಸರು ಬೇಡವೆಂದವರ ಹೆಸರು ಬರೆಯಬಾರದು, ರಾಮದುರ್ಗದ ವಿಷಯದಲ್ಲಿ ಇದನ್ನು ಮೊದಲೇ ಹೇಳಿಬಿಡಬೇಕು.

ಮನೆಯಲ್ಲಿ ಹಳೆಯ ಕಾಗದ ಇದ್ದವರು ತರಲು ಹಿಂಜರಿಯುತ್ತಾರೆ. ಅದಕ್ಕೆ ಕಾರಣವೂ ಇದೆ: ಹಿಂದೆ ಯಾರೋ ‘ಓದಿ ಕೊಡ್ತೇನ್ರಿ’ ಎಂದು ಒಯ್ದವರು ವಾಪಸ್ ಕೊಟ್ಟಿಲ್ಲ. ಅಂಥ ಮನೆಗಳನ್ನು ನಾನೂ ಬಲ್ಲೆ. ಆದ್ದರಿಂದ ಇವತ್ತೇ ಒಂದು ನೇಮ ಮಾಡಿಕೊಳ್ಳಿರಿ, ಮೂಲ ಕಾಗದ ಯಾರ ಕೈಗೂ ಕೊಡಬಾರದು, ಯಾರೂ ಕೇಳಬಾರದು. ನಿಮ್ಮ ಕಣ್ಣೆದುರಿಗೇ, ನಿಮ್ಮ ಕಟ್ಟೆಯ ಮೇಲೇ ಫೋಟೋ ತೆಗೆದು ಗಂಟು ಮತ್ತೆ ಕಟ್ಟಿಕೊಡಬೇಕು. ಸೊಪ್ಪು, ಹಳದಿ ಹಚ್ಚಿ ಅಕ್ಷರ ಎದ್ದು ಕಾಣುವಂತೆ ಮಾಡುವ ಸಾಹಸಕ್ಕೆ ಹೋಗಬೇಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿರಿ, ಒಳಗೆ ಬೆವತು ಕೊಳೆಯುತ್ತದೆ. ಒಗೆದು ಒಣಗಿಸಿದ ಹತ್ತಿಯ ಬಟ್ಟೆ ಸಾಕು, ಅದು ಬೈಲಹೊಂಗಲದಲ್ಲಿ ಸಿಗದೆ ಇರುತ್ತದೆಯೇ? ಇವತ್ತು ಊಟದ ಬಿಡುವಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ಏನಾದರೂ ತಂದಿದ್ದರೆ ಅಲ್ಲಿಗೇ ಬರ್ರಿ.